ಕೋನಪ್ಪನ ವೋಟು

ಸಾವಿನ ಮನೆಗೆ ಬಿಳಿ ಅಂಗಿ ಹಾಕಿಕೊಂಡು ಹೋಗಬೇಕೆಂದು ಮುದ್ದಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ; ಅವನ ಬೀರುವಿನಲ್ಲಿ ಇದ್ದದ್ದೆಲ್ಲ ಬಿಳಿ ಅಂಗಿಗಳೇ. ಆದರೂ ಅವತ್ತು ಬೆಳಿಗ್ಗೆ ಬೀರುವಿನ ಮುಂದೆ ನಿಂತು ಒಂದನ್ನು ತೆಗೆದ. ಅದು ಮದುವೆಗೆ ಹೊರಟವರ ಅಂಗಿಯಂತೆ ತೀರಾ ಗರಿಗರಿಯಾಗಿದೆ ಅನ್ನಿಸಿ ಒಳಗಿಟ್ಟ. ಇನ್ನೊಂದು ತೆಗೆದ. ಅದರ ಕಾಲರು ಸವೆದಿತ್ತು, ಕೋನಪ್ಪನ ಹೆಂಡತಿ ಕಂಡರೆ ಏನಂದುಕೊಂಡಾಳು ಎಂದು ಅದನ್ನೂ ಒಳಗಿಟ್ಟ. ಎಪ್ಪತ್ತು ದಾಟಿದ ಮೇಲೆ, ಎರಡು ಸಲ ಬೆಂಗಳೂರಿಗೆ ಶಾಸಕನಾಗಿ, ಒಂದು ಸಲ ದೆಹಲಿಗೆ ಎಂಪಿಯಾಗಿ ಹೋಗಿಬಂದ ಮೇಲೆ, ಒಂದು ಅಂಗಿ ಆರಿಸಲಾಗದೆ ಬನಿಯನ್ನಿನಲ್ಲಿ ನಿಂತಿರುವುದು ಅವನಿಗೇ ನಗು ತರಿಸುವಂತಿತ್ತು, ಆದರೆ ನಗು ಬರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಸುಬ್ಬಲಕ್ಷ್ಮಮ್ಮ, "ಯಾವ್ದಾದ್ರೂ ಒಂದು ಹಾಕ್ಕೊಂಡು ಹೊರಡ್ರೀ. ಅಲ್ಲಿ ನಿಮ್ಮ ಅಂಗಿ ನೋಡಕ್ಕೆ ಯಾರು ಕಾಯ್ಕೊಂಡವ್ರೆ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ತಾನೇ ಒಳಗೆ ಬಂದು ಒಂದು ಅಂಗಿ ಕೈಗೆ ಕೊಟ್ಟು, "ಅಳೋದಿದ್ರೆ ಅತ್ತುಬಿಡಿ. ಅಲ್ಲಿ ಜನ ನೋಡ್ತಾರೆ ಅಂತ ತಡ್ಕೊಂಡು ಬಂದು ಇಲ್ಲಿ ಬಿ.ಪಿ. ಏರಿಸ್ಕೋಬೇಡಿ" ಎಂದಳು.

ಸುದ್ದಿ ತಂದವನು ಮುದ್ದಪ್ಪನ ತಂಗಿಯ ಮಗ ಚಲಪತಿ. ಬೆಳಿಗ್ಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹತ್ತಿರ ಟೀ ಕುಡಿಯುವಾಗ, ಜಂಗಮಕೋಟೆ ಕಡೆಯಿಂದ ರೇಷ್ಮೆಗೂಡು ತಂದಿದ್ದವರು ಹೇಳಿದರಂತೆ: ಕೋನಪ್ಪನನ್ನು ಬೆಂಗಳೂರಿನ ಆಸ್ಪತ್ರೆಯಿಂದ ನಿನ್ನೆ ಸಂಜೆ ವ್ಯಾನಿನಲ್ಲಿ ತಂದರು, ಬೆಳಕು ಹರಿಯುವಷ್ಟರಲ್ಲಿ ಮನೆ ಮುಂದೆ ಶಾಮಿಯಾನ ಎದ್ದಿದೆ, ಕುರ್ಚಿ ಇಳಿಸುತ್ತಿದ್ದಾರೆ. ಇನ್ನೇನು ಕೇಳುವುದಿದೆ? ಸತ್ತಿದ್ದು ನಿಜವೇ ಎಂದು ಆ ಮನೆಗೆ ಫೋನು ಮಾಡಿ ಕೇಳುವುದು ಹೇಗೆ? ಅದೂ ಇಷ್ಟು ವರ್ಷ ಮಾತು ಬಿಟ್ಟವರ ಮನೆಗೆ? "ಹೋಗಣ ಮಾವ," ಎಂದಿದ್ದ ಚಲಪತಿ, "ಬಿಸಿಲೇರೋಕೆ ಮುಂಚೆ. ನೀವು ಯಾವಾಗ್ಲೂ ಫಸ್ಟು ಅಲ್ವಾ?" ತಮಾಷೆಗೆ ಅಂದದ್ದಲ್ಲ, ಅದು ಇಡೀ ತಾಲ್ಲೂಕಿಗೆ ಗೊತ್ತಿದ್ದ ವಿಷಯ. ಮುದ್ದಪ್ಪ ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗುವವನು. ಅಧಿಕಾರ ಇದ್ದಾಗ ಹೋಗುತ್ತಿದ್ದ, ಹೋದ ಮೇಲೂ ಹೋಗುತ್ತಿದ್ದ. ಮೇಲೂರಿನಲ್ಲಿ ಯಾರೋ ಅಜ್ಜಿ ತೀರಿಕೊಂಡಾಗ ಸ್ವಂತ ಅಳಿಯಂದಿರು ಬಂದಿಳಿಯುವ ಹೊತ್ತಿಗೆ ಅವನು ಚಟ್ಟಕ್ಕೆ ಬಿದಿರು ಕಡಿಸುತ್ತಿದ್ದ.

ಹೇಳಿಕೊಟ್ಟವನು ಕೋನಪ್ಪನೇ. ಮೊದಲನೇ ಚುನಾವಣೆಯಲ್ಲಿ ಜೀಪೂ ಇಲ್ಲ, ಮೈಕೂ ಇಲ್ಲ. ಕೋನಪ್ಪನ ಸೈಕಲ್ಲು, ಅದರ ಕ್ಯಾರಿಯರ್ ಮೇಲೆ ಅಭ್ಯರ್ಥಿ. ಗೌಡರ ಹುಡುಗನನ್ನು ಹೊಲಗೇರಿಯ ಹುಡುಗ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಊರೂರು ತಿರುಗುವುದನ್ನು ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ಏರು ಬಂದರೆ ಮುದ್ದಪ್ಪ ಇಳಿಯುತ್ತಿದ್ದ, ಊರು ಬಂದರೆ ಕೋನಪ್ಪ ಇಳಿಸುತ್ತಿದ್ದ: "ಇಲ್ಲಿಂದ ನಡ್ಕೊಂಡು ಹೋಗಪ್ಪ, ಕ್ಯಾರಿಯರ್ ಮೇಲಿಂದ ಇಳಿದೋನಿಗೆ ಯಾರು ವೋಟು ಹಾಕ್ತಾರೆ?" ಮಿಡಲ್ ಸ್ಕೂಲಿನಿಂದ ಒಂದೇ ಬೆಂಚಿನವರು; ಇಬ್ಬರೇ ಇದ್ದಾಗ ಹೋಗೋ ಬಾರೋ ಎನ್ನುತ್ತಿದ್ದ ಕೋನಪ್ಪ, ನಾಲ್ಕು ಜನ ಸೇರಿದ ಕೂಡಲೇ ಗೌಡ್ರೇ ಎನ್ನುತ್ತಿದ್ದ, ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ. ಬೇಡ ಎಂದು ಮುದ್ದಪ್ಪ ಎಂದೂ ಹೇಳಲಿಲ್ಲ. "ಮದ್ವೆಗೆ ಊರೇ ಬರುತ್ತೆ ಗೌಡ್ರೇ, ನೀವು ಹೋದ್ರೂ ಒಂದೇ ಬಿಟ್ರೂ ಒಂದೇ. ಹೆಣ ಈಚೆಗೆ ತರೋ ಹೊತ್ಗೆ ಮಾತ್ರ ನೀವು ಅಲ್ಲಿರ್ಬೇಕು. ಆ ಮನೆಯೋರು ಸಾಯೋವರ್ಗೂ ಮರೆಯಲ್ಲ" ಎನ್ನುತ್ತಿದ್ದ ಕೋನಪ್ಪ. ಎಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಹಾರ ಹಾಕಿದ ಮೇಲೆ ಯಾರ ಕೈ ಹಿಡಿದುಕೊಳ್ಳಬೇಕು, ಎಲ್ಲವೂ ಅವನ ತಲೆಯಲ್ಲಿತ್ತು. ಮುದ್ದಪ್ಪನ ಕೊರಳಿಗೆ ಬಿದ್ದ ಹಾರಗಳನ್ನೂ ಅವನೇ ಏರ್ಪಾಟು ಮಾಡುತ್ತಿದ್ದ. ದೆಹಲಿಗೆ ಹೋಗುವಾಗ ಮಾತ್ರ ಅವನು ಜೊತೆಯಲ್ಲಿರಲಿಲ್ಲ. ಅಲ್ಲಿಯ ದೊಡ್ಡ ಸಭೆಯಲ್ಲಿ ಮುದ್ದಪ್ಪ ಒಂದೇ ಒಂದು ಸಲ ಎದ್ದು ನಿಂತು ರೇಷ್ಮೆಮೊಟ್ಟೆಯ ಬಗ್ಗೆ ಪ್ರಶ್ನೆ ಕೇಳಿದ. ಮಂತ್ರಿ ಹಿಂದಿಯಲ್ಲಿ ಉದ್ದಕ್ಕೆ ಉತ್ತರ ಕೊಟ್ಟರು. ಅನುವಾದ ಕೇಳಲು ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನು ಗಾಬರಿಯಲ್ಲಿ ಮೇಜಿನ ಮೇಲೇ ಬಿಟ್ಟಿದ್ದ ಮುದ್ದಪ್ಪ ಒಂದಕ್ಷರ ತಿಳಿಯದೆ ಕೈಮುಗಿದು ಕೂತುಬಿಟ್ಟ. "ಏನಂದ್ರು?" ಎಂದು ಆ ರಾತ್ರಿ ಟ್ರಂಕ್ ಕಾಲಿನಲ್ಲಿ ಕೋನಪ್ಪ ಕೂಗಿ ಕೂಗಿ ಕೇಳಿದ್ದ. "ಪರಿಶೀಲಿಸ್ತಾರಂತೆ ಕಣೋ" ಎಂದು ಇವನೂ ಕೂಗಿದ್ದ.

ಬಸ್ ಸ್ಟ್ಯಾಂಡಿನ ಹತ್ತಿರ ಚಲಪತಿ ವ್ಯಾನು ನಿಲ್ಲಿಸಿದ. ಹೂವಿನ ಅಂಗಡಿಯ ಹೆಂಗಸು ಹೊಸಬಳು, ವಯಸ್ಸು ಚಿಕ್ಕದು. "ದೇವ್ರಿಗಾ ತಾತ, ಗಂಡಿಗಾ?" ಎಂದಳು. ಮುದ್ದಪ್ಪ ಸುಗಂಧರಾಜದ ಹಾರವನ್ನು ಬೆರಳಿನಿಂದ ಮುಟ್ಟುತ್ತಾ ನಿಂತ. ಚಲಪತಿ ಅವಮಾನವಾದವನಂತೆ, "ಏನಮ್ಮ, ಯಾರು ಅಂತ ಗೊತ್ತಾಗ್ಲಿಲ್ವಾ? ಎಂಪಿ ಆಗಿದ್ದೋರು ಇವ್ರು" ಎಂದ. ಅವಳು ಮುದ್ದಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ದೊಡ್ಡದೇ ತಗೊಳ್ಳಿ" ಎಂದಳು. ಚಿಕ್ಕಬಳ್ಳಾಪುರ ಜಿಲ್ಲೆಯಾದ ಹೊಸದರಲ್ಲಿ ಒಂದು ಸಮಾರಂಭಕ್ಕೆ ಅವನನ್ನು ಕರೆದು, ವೇದಿಕೆಯ ಮೇಲೆ ಜಾಗವಿಲ್ಲವೆಂದು ಪೊಲೀಸಿನವರ ಹೆಂಡತಿಯರ ಸಾಲಿನಲ್ಲಿ ಕೂರಿಸಿದ್ದರು. ಅವತ್ತು ನೋವಾಗಿತ್ತು. ಇವತ್ತು ಈ ಹುಡುಗಿಯ ಮಾತು ಮೈಗೆ ತಾಕಲೇ ಇಲ್ಲ.

ವ್ಯಾನು ಊರು ದಾಟಿ ಹಿಪ್ಪುನೇರಳೆ ತೋಟಗಳ ನಡುವೆ ಓಡುತ್ತಿದ್ದಾಗ ಅವನು ಅಲ್ಲಿ ಆಡಬೇಕಾದ ಮಾತುಗಳನ್ನು ಜೋಡಿಸಿಕೊಳ್ಳಲು ನೋಡಿದ. ಜನ ಸೇರಿರುತ್ತಾರೆ, ಎರಡು ಮಾತು ಆಡಿ ಎನ್ನುತ್ತಾರೆ. ನಮ್ಮ ಕೋನಪ್ಪನವರು... ಅಲ್ಲಿಗೇ ನಿಂತಿತು. ನಮ್ಮವರೇ? ಯಾವಾಗಿನವರೆಗೆ? ಬೆಂಗಳೂರಿನ ಆ ಪಾರ್ಟಿ ಆಫೀಸು, ಆ ಕೋಣೆ ಕಣ್ಣಮುಂದೆ ಬಂತು. ಮುದ್ದಪ್ಪ ದೆಹಲಿಗೆ ಹೋದದ್ದರಿಂದ ಖಾಲಿಯಾದ ಶಾಸಕನ ಜಾಗಕ್ಕೆ ಯಾರು ಎಂದು ದೊಡ್ಡವರು ಕೂತು ಮಾತಾಡುತ್ತಿದ್ದರು. ಕೋನಪ್ಪನೇ ಎಂದು ಕ್ಷೇತ್ರದಲ್ಲೆಲ್ಲ ಮಾತಾಗಿತ್ತು, ಕೋನಪ್ಪನೂ ಹೊಸ ಪಂಚೆ ಉಟ್ಟು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ. "ಅದು ಜನರಲ್ ಸೀಟು. ಅವನನ್ನ ನಿಲ್ಸಿದ್ರೆ ನಿಮ್ಮೋರು ಒಪ್ತಾರಾ ಮುದ್ದಪ್ಪನವ್ರೇ? ನೀವೇ ಹೇಳಿ." ಮುದ್ದಪ್ಪ ಕಾಫಿಯ ಮೇಲೆ ಕಟ್ಟಿದ ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದ. ಒಪ್ತಾರೆ ಎನ್ನಬಹುದಿತ್ತು. ಒಪ್ಪಿಸ್ತೀನಿ ಎನ್ನಬಹುದಿತ್ತು. ಕೆನೆ ಬೆರಳಿಗೆ ಅಂಟಿಕೊಂಡಿತು, ಅದನ್ನು ಲೋಟದ ಅಂಚಿಗೆ ಒರೆಸಿದ, ಅಷ್ಟರಲ್ಲಿ ಮಾತು ಬೇರೆ ಹೆಸರಿಗೆ ಹೋಗಿತ್ತು. ಹೊರಗೆ ಬಂದಾಗ ಕೋನಪ್ಪ ಏನೂ ಕೇಳಲಿಲ್ಲ. ಸುತ್ತ ಯಾರೂ ಇರಲಿಲ್ಲ, ಆದರೂ ಎದ್ದು ನಿಂತು, "ಬಸ್ಸಿಗೆ ಹೊತ್ತಾಯ್ತು ಗೌಡ್ರೇ" ಎಂದ. ಆ ಗೌಡ್ರೇ ಆಮೇಲೆ ಹೋಗಲಿಲ್ಲ.

ದೆಹಲಿ ಮುಗಿದು, ಮುದ್ದಪ್ಪ ಮತ್ತೆ ಇಲ್ಲಿಂದಲೇ ಶಾಸಕನಾಗಲು ನಿಂತಾಗ ಕೋನಪ್ಪ ಎದುರು ಪಕ್ಷದ ಜೀಪಿನಲ್ಲಿ ಮೈಕು ಹಿಡಿದು ಕೂತಿದ್ದ. ಅದೂ ಸರಿಯೇ, ಅದರಲ್ಲಿ ಮೋಸವಿರಲಿಲ್ಲ. ಮುದ್ದಪ್ಪ ಸೋತ, ಕೂದಲೆಳೆಯಲ್ಲಿ ಸೋತ, ಮತ್ತೆ ಎಂದೂ ಗೆಲ್ಲಲಿಲ್ಲ. ಆ ಸೋಲು ಮಾಗಿತ್ತು. ಮಾಗದೆ ಉಳಿದದ್ದು ಒಂದೇ. ಮತದಾನದ ದಿನ ಜಂಗಮಕೋಟೆಯ ಸ್ಕೂಲಿನ ಮುಂದೆ ಮುದ್ದಪ್ಪ ಕೈಮುಗಿದುಕೊಂಡು ನಿಂತಿದ್ದಾಗ, ಕೋನಪ್ಪ ವೋಟು ಹಾಕಿ ಈಚೆ ಬಂದ. ಬೆರಳಿನ ಶಾಯಿ ಇನ್ನೂ ಹಸಿಯಾಗಿತ್ತು. ಎದುರಿಗೆ ಬಂದು ನಿಂತ. ಏನೋ ಹೇಳುವವನಂತೆ ಬಾಯಿ ತೆರೆದ. ಮುಚ್ಚಿಕೊಂಡು ಹೊರಟುಹೋದ. ಅಷ್ಟೇ. ಆ ತೆರೆದ ಬಾಯಲ್ಲಿ ಏನಿತ್ತು? ಮೈಕಿನಲ್ಲಿ ಏನು ಕೂಗಿದರೂ ಒಳಗೆ ಹೋಗಿ ನಿನಗೇ ಹಾಕಿದೆ ಕಣೋ ಎಂದೇ? ಆ ಕಾಫಿ ಲೋಟವನ್ನು ಅವನು ಕ್ಷಮಿಸಿದ್ದನೇ? ಮುದ್ದಪ್ಪನಿಗೆ ಬೇಕಾಗಿದ್ದದ್ದು ಇಡೀ ಕ್ಷೇತ್ರದಲ್ಲಿ ಆ ಒಂದು ವೋಟು. ಎಷ್ಟೋ ಸಲ ಹೋಗಿ ಕೇಳಿಬಿಡೋಣ ಎಂದುಕೊಂಡದ್ದುಂಟು. ಜಂಗಮಕೋಟೆಯವರೆಗೆ ಹೋಗಿ ಬೇರೆ ಯಾರದೋ ಮನೆಯಲ್ಲಿ ಟೀ ಕುಡಿದು ವಾಪಸ್ಸು ಬಂದದ್ದೂ ಉಂಟು. ಇನ್ನು ಕೇಳುವ ಹಾಗಿಲ್ಲ, ಅದು ಅವನ ಜೊತೆಗೇ ಹೋಯಿತು ಎಂದುಕೊಂಡಾಗ ಎದೆಯಲ್ಲಿ ಏನೋ ಸಡಿಲವಾಯಿತು. ಇಲ್ಲ ಎಂಬ ಉತ್ತರ ಇನ್ನು ಯಾರೂ ಕೊಡಲಾರರು. ಅದು ನೆಮ್ಮದಿ ಎಂದು ತಿಳಿದಾಗ ಮುದ್ದಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. "ಏಸಿ ಹಾಕ್ಲಾ ಮಾವ? ಬೆವರ್ತಿದ್ದೀರ" ಎಂದ ಚಲಪತಿ.

ಶಾಮಿಯಾನ ದೂರದಿಂದಲೇ ಕಂಡಿತು, ಕೆಂಪು ಹಳದಿ ಪಟ್ಟೆಯದು. ಮುದ್ದಪ್ಪ ಇಳಿದು ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡ. ಚಲಪತಿ ಹಾರವನ್ನು ಮಾವನ ಎರಡೂ ಕೈಗಳ ಮೇಲೆ ಇಳಿಬಿಟ್ಟ. ಮುದ್ದಪ್ಪ ಅಭ್ಯಾಸದಂತೆ ತಲೆ ತಗ್ಗಿಸಿ, ಯಾರ ಮುಖವನ್ನೂ ನೋಡದೆ ನೆಲವನ್ನೇ ನೋಡುತ್ತಾ ನಡೆದ. ಹೆಂಗಸರ ಅಳು ಕೇಳಿಸದಿದ್ದುದು ಅವನಿಗೆ ವಿಚಿತ್ರವೆನಿಸಿತು. ಇವರು ಈಗ ಬೌದ್ಧರಾಗಿದ್ದಾರಲ್ಲ, ಮೌನವಾಗಿರುತ್ತಾರೇನೋ ಎಂದುಕೊಂಡ. ಒಂದು ಮಂಚದ ಕಾಲುಗಳು ಕಂಡವು. ಅದರ ಮೇಲೆ ಹೊದಿಕೆ, ಹೊದಿಕೆಯ ಈಚೆ ಎರಡು ಪಾದ. ಪಾದದ ಹೆಬ್ಬೆರಳು ಅಲ್ಲಾಡಿತು. ಮುದ್ದಪ್ಪ ನಿಧಾನವಾಗಿ ತಲೆಯೆತ್ತಿದ. ಎರಡು ದಿಂಬಿಗೆ ಒರಗಿಕೊಂಡು, ಕೆನ್ನೆ ಒಳಕ್ಕೆ ಹೋಗಿ, ಗಡ್ಡ ಬೆಳೆದ ಕೋನಪ್ಪ ಅವನನ್ನೇ ನೋಡುತ್ತಿದ್ದ.

"ಏಂ ರಾ, ಒಚ್ಚಿನಾವಾ?" ಎಂದ ತೆಲುಗಿನಲ್ಲಿ. ಬಂದೆಯೇನೋ ಎಂದು, ಅಷ್ಟು ಜನರೆದುರಿಗೆ.

ಮುದ್ದಪ್ಪನ ಕೈಗಳು ಹಾರದ ಸಮೇತ ಗಾಳಿಯಲ್ಲೇ ನಿಂತವು. ಕೋನಪ್ಪನ ಮಗ ಸಿದ್ಧಾರ್ಥ್, ಹೈಸ್ಕೂಲಿನಲ್ಲಿ ಪಾಠ ಹೇಳುವವನು, ಧಡಧಡ ಬಂದು, "ಏನ್ ಸಾರ್ ಇದು? ಅಪ್ಪಾಜಿ ಇನ್ನೂ ಇದ್ದಾರೆ. ಒಂದು ಫೋನ್ ಮಾಡಿ ಕೇಳ್ಬಾರ್ದಾಗಿತ್ತಾ?" ಎಂದ. ಅವನ ಹಿಂದೆಯೇ ಒಳಗಿನಿಂದ ಬಂದ ಕೋನಪ್ಪನ ಹೆಂಡತಿ ಗಂಗುಲಮ್ಮ ಹಾರವನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. "ಇಷ್ಟು ವರ್ಷ ಈ ಕಡೆ ತಲೆ ಹಾಕಿದ್ದಿಲ್ಲ. ಈಗ ಇದನ್ನ ಹಿಡ್ಕೊಂಡು ಬಂದವ್ರೆ." "ಶಾಮಿಯಾನ..." ಎಂದ ಮುದ್ದಪ್ಪ. ಸಿದ್ಧಾರ್ಥನ ಮುಖ ಕೆಂಪಾಯಿತು. ಡಾಕ್ಟರು ಇನ್ನೊಂದೆರಡು ದಿನ ಅಂದಿದ್ದರು. ನಾಳೆ ನಾಡಿದ್ದು ಒಳ್ಳೆಯ ಮದುವೆ ಮುಹೂರ್ತಗಳಿವೆ, ಆಮೇಲೆ ಕೇಳಿದರೆ ಒಂದು ಕುರ್ಚಿಯೂ ಸಿಗುವುದಿಲ್ಲ, ಬೇಕಾದರೆ ಈಗಲೇ ಹಾಕಿಸಿಕೊಳ್ಳಿ ಎಂದಿದ್ದ ಶಾಮಿಯಾನದವನು. ಅಷ್ಟರಲ್ಲಿ ಕರೆಂಟು ಹೋಗಿ, ಒಳಗೆ ಸೆಕೆ ತಡೆಯಲಾರದೆ, ಹೆಂಗೂ ಹಾಕಿಸಿದ್ದೀಯಲ್ಲ ಅಲ್ಲೇ ಮಲಗಿಸು ಎಂದು ಅಪ್ಪನೇ ಹಟ ಹಿಡಿದಿದ್ದ.

"ಸಾವಿಗೆ ಎಲ್ಲಾರ್ಗಿಂತ ಮುಂಚೆ ಹೋಗ್ಬೇಕು ಅಂತ ನಾನೇ ಹೇಳ್ಕೊಟ್ಟಿದ್ದೆ, ನಿಜ," ಎಂದ ಕೋನಪ್ಪ. "ಇಷ್ಟು ಮುಂಚೆ ಅಂತ ಹೇಳಿರ್ಲಿಲ್ಲ ಕಣೋ."

ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿ ಮೊದಲು ನಕ್ಕಳು. ಆಮೇಲೆ ಚಲಪತಿ. ಕೊನೆಗೆ ಗಂಗುಲಮ್ಮನೂ ಸೆರಗಿನ ಒಳಗೇ ನಕ್ಕು, ನಕ್ಕಿದ್ದಕ್ಕೆ ಅಳತೊಡಗಿದಳು. ಮುದ್ದಪ್ಪ ಹಾರವನ್ನು ಚಲಪತಿಯ ಕೈಗೆ ಕೊಡಲು ತಿರುಗಿದಾಗ ಕೋನಪ್ಪ, "ಎಲ್ಲಿಗೆ ತಗೊಂಡ್ಹೋಗ್ತೀಯ? ತಂದಿದ್ದೀಯ, ಹಾಕು" ಎಂದ. "ಅಯ್ಯೋ, ಅದು ಬೇಡ, ಅಪಶಕುನ" ಎಂದಳು ಗಂಗುಲಮ್ಮ. "ಸುಮ್ನಿರೇ. ಇವ್ನ ಕೊರಳಿಗೆ ನಾನು ಎಷ್ಟು ಹಾರ ಹಾಕ್ಸಿದ್ದೀನಿ ಲೆಕ್ಕ ಐತಾ? ನಂಗೊಂದು ಯಾವನೂ ಹಾಕ್ಲಿಲ್ಲ. ಸತ್ತ ಮೇಲೆ ಹಾಕಿದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು? ಎತ್ತಿ ಕೂರಿಸು." ಗಂಗುಲಮ್ಮ ಬೆನ್ನಿಗೆ ಕೈಕೊಟ್ಟು ಎತ್ತಿ ಕೂರಿಸಿದಳು. ಇಷ್ಟು ಹಗುರವಾಗಿದ್ದಾನೆಯೇ ಎಂದುಕೊಂಡ ಮುದ್ದಪ್ಪ. ಮಲಗಿದವರ ಎದೆಯ ಮೇಲೆ ಹಾರ ಇಟ್ಟು ಇಟ್ಟು, ಕೂತವರ ಕೊರಳಿಗೆ ಹಾಕುವುದು ಅವನಿಗೆ ಮರೆತುಹೋಗಿತ್ತು. ಹಾರ ಕೋನಪ್ಪನ ಒಂದು ಕಿವಿಗೆ ಸಿಕ್ಕಿಕೊಂಡಿತು. "ಹಾಕ್ಸಿಕೊಂಡೇ ಬದುಕಿದೋನಿಗೆ ಹಾಕಕ್ಕೆ ಎಲ್ಲಿ ಬರುತ್ತೆ" ಎಂದು ಕೋನಪ್ಪ ತಾನೇ ಬಿಡಿಸಿಕೊಂಡ. ದೊಡ್ಡ ಹಾರ, ಮಂಡಿಯ ತನಕ ಬಂತು. ಅವನು ಅದನ್ನೊಮ್ಮೆ ನೋಡಿಕೊಂಡು ಸಂತೋಷಪಟ್ಟದ್ದನ್ನು ಮುದ್ದಪ್ಪ ಕಂಡ.

ಸ್ವಲ್ಪ ಹೊತ್ತಿಗೆ ಗಂಗುಲಮ್ಮ ಟೀ ಮಾಡಲು ಒಳಗೆ ಹೋದಳು. ಇನ್ನೂ ಯಾರಾದರೂ ಹಾರ ಹಿಡಿದು ಬಂದಾರೆಂದು ಸಿದ್ಧಾರ್ಥನೂ ಚಲಪತಿಯೂ ರಸ್ತೆಯ ಹತ್ತಿರ ಹೋಗಿ ನಿಂತರು. ಮುದ್ದಪ್ಪ ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತ. ಕೋನಪ್ಪ ಕಣ್ಣು ಮುಚ್ಚಿದ್ದ. ಎದೆ ಏರಿ ಇಳಿಯುತ್ತಿತ್ತು, ಒಂದು ಸಲ ಏರಿದ್ದು ಇಳಿಯಲು ಬಹಳ ಹೊತ್ತು ತೆಗೆದುಕೊಂಡಿತು, ಆ ಹೊತ್ತಿನಲ್ಲಿ ಮುದ್ದಪ್ಪ ತನ್ನ ಉಸಿರನ್ನೂ ಬಿಡಲಿಲ್ಲ. ಹೋಗಬೇಡ, ಈಗ ಹೋಗಬೇಡ ಎಂದು ಒಳಗೇ ಅಂಗಲಾಚಿದ. ವ್ಯಾನಿನಲ್ಲಿ ಬಂದ ಆ ನೆಮ್ಮದಿ ಎಲ್ಲಿ ಹೋಗಿತ್ತೋ. ಇಲ್ಲ ಎಂದಾದರೂ ಅನ್ನಲಿ, ಇವನ ಬಾಯಿಂದಲೇ ಅನ್ನಲಿ, ಇಷ್ಟು ಹತ್ತಿರ ಕೂತು ಕೇಳದೆ ಎದ್ದುಹೋದರೆ ತಾನು ಮನುಷ್ಯನೇ ಅಲ್ಲ ಅನ್ನಿಸಿತು.

"ಇನ್ನೂ ಇದ್ದೀಯಾ?" ಎಂದ ಕೋನಪ್ಪ ಕಣ್ಣು ತೆರೆಯದೆ.

"ಇದ್ದೀನಿ. ಅವತ್ತು ಬೆಂಗ್ಳೂರಲ್ಲಿ, ಆಫೀಸಲ್ಲಿ, ನಾನು..."

"ಅದು ಬಿಡು. ಕಿಟಕಿ ತೆಗೆದೇ ಇತ್ತು. ಬೆಂಚು ಅಲ್ಲೇ ಪಕ್ಕದಲ್ಲಿತ್ತು. ಬೇರೆ ಏನಾದ್ರೂ ಇದ್ರೆ ಕೇಳು."

ಹಾಗಾದರೆ ಕಾಫಿ ಲೋಟದ ಮುಂದಿನ ಆ ಮೌನವನ್ನು ಕೋನಪ್ಪ ಅವತ್ತೇ ಕೇಳಿಸಿಕೊಂಡಿದ್ದಾನೆ. ಕೇಳಿಯೂ ಬಸ್ಸಿಗೆ ಹೊತ್ತಾಯ್ತು ಎಂದಿದ್ದಾನೆ. ಆಮೇಲೆ ಉಳಿದಿದ್ದ ಮಾತು ತಾನಾಗಿ ಹೊರಗೆ ಬಂತು. "ಇಲ್ಲಿ ಸ್ಕೂಲಲ್ಲಿ, ನಾನು ಸೋತೆನಲ್ಲ ಆ ಸಲ, ಒಳಗೆ ಹೋಗಿ ಯಾರಿಗೆ ಒತ್ತಿದೆ?"

ಕೋನಪ್ಪ ಕಣ್ಣು ಬಿಟ್ಟ. ನಗು ಬಂದು, ಕೆಮ್ಮಾಗಿ, ಹಾರ ಅಲುಗಾಡಿತು. "ಇದನ್ನ ಇಷ್ಟು ವರ್ಷ ಇಟ್ಕೊಂಡಿದ್ದೀಯಾ? ಥೂ ನಿನ್ನ. ವೋಟು ಗುಟ್ಟಿಂದು ಕಣೋ. ಕಾನೂನು ಮಾಡೋ ಕಡೆ ಕೂತಿದ್ದೋನು, ಹಿಂಗೆಲ್ಲ ಕೇಳ್ಬಾರ್ದು."

"ಕೇಳ್ಬಾರ್ದು. ಹೇಳು."

"ಅವ್ರ ಜೀಪಲ್ಲಿ ಕೂತಿದ್ದೆ. ಅವ್ರ ಅನ್ನ ತಿಂದಿದ್ದೆ. ಅವ್ರ ಗುರುತಿಗೆ ಒತ್ತಿದೆ."

ಮುದ್ದಪ್ಪ ತಲೆಯಾಡಿಸಿದ. ಸರಿ ಎಂದ. ನ್ಯಾಯವಾದದ್ದೇ. ಒಳಗೆ ಏನೋ ಮೆಲ್ಲಗೆ ಕುಸಿದು ಕೂತಿತು, ಅಷ್ಟು ನೋವೂ ಆಗಲಿಲ್ಲ, ಎದ್ದು ಹೋಗಬಹುದಿತ್ತು.

"ಒತ್ತಿ, ಸೀಲು ಕೆಳಗಿಡಕ್ಕೆ ಹೋದೆ," ಎಂದ ಕೋನಪ್ಪ. "ಕೈ ಬಿಡ್ಲಿಲ್ಲ. ಕೆಳಗೆ ನಿನ್ನ ಹೆಸ್ರಿತ್ತು. ಅದಕ್ಕೂ ಒಂದು ಒತ್ತಿದೆ."

ಮುದ್ದಪ್ಪನಿಗೆ ಅದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದ ಕೂಡಲೇ ಸದನದಲ್ಲಿ ಎದ್ದು ನಿಂತವನಂತೆ ಅವನ ದನಿ ಏರಿತು, ರಸ್ತೆಯ ಹತ್ತಿರವಿದ್ದ ಸಿದ್ಧಾರ್ಥ್ ತಿರುಗಿ ನೋಡಿದ. "ಅಲ್ಲಯ್ಯಾ, ಎರಡಕ್ಕೂ ಒತ್ತಿದ್ರೆ ಕುಲಗೆಟ್ಟ ವೋಟಾಗಲ್ವೇನೋ? ಯಾರಿಗೂ ಸೇರಲ್ವಲ್ಲೋ! ಮನೆಮನೆಗೆ ಹೋಗಿ ಮುದುಕೀರ ಕೈ ಹಿಡ್ಕೊಂಡು, ಒಂದೇ ಕಡೆ ಒತ್ತಮ್ಮ, ಎರಡು ಕಡೆ ಒತ್ತಿದ್ರೆ ಕೆಟ್ಟೋಗುತ್ತೆ ಅಂತ ಇಡೀ ತಾಲ್ಲೂಕಿಗೆ ಹೇಳ್ಕೊಟ್ಟೋನು ನೀನು. ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು," ಎಂದ ಕೋನಪ್ಪ.

ಹಾರದ ಒಂದು ಹೂವನ್ನು ಅವನು ಬೆರಳಿನಿಂದ ತಿರುಗಿಸುತ್ತಿದ್ದ. ಮುದ್ದಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಎಣಿಕೆಯ ದಿನ ಸಂಜೆ ಅಧಿಕಾರಿ ಕೆಟ್ಟ ವೋಟುಗಳನ್ನು ಒಂದೊಂದಾಗಿ ಎತ್ತಿ ಅಭ್ಯರ್ಥಿಗಳಿಗೆ ತೋರಿಸಿ ಪಕ್ಕಕ್ಕಿಡುತ್ತಿದ್ದ. ಅಡ್ಡಾದಿಡ್ಡಿ ಒತ್ತಿದವು, ಗೆರೆಯ ಮೇಲೆ ಒತ್ತಿದವು, ಹೆಬ್ಬೆಟ್ಟು ಒತ್ತಿದವು. ನಡುವೆ ಒಂದು ಚೀಟಿ ಬಂದಿತ್ತು: ನೇರಳೆ ಶಾಯಿಯ ಎರಡು ಮುದ್ರೆ, ಒಂದು ಅವರ ಗುರುತಿನ ಮೇಲೆ, ಒಂದು ಇವನ ಗುರುತಿನ ಮೇಲೆ, ಎರಡೂ ನಟ್ಟನಡುವೆ, ಎಳ್ಳಷ್ಟೂ ಕದಡದೆ, ಒಂದರಷ್ಟೇ ಇನ್ನೊಂದೂ ಗಾಢವಾಗಿ. ಇದು ನಂದು ಎಂದು ಮುದ್ದಪ್ಪ ಕೈ ಚಾಚಿದ್ದ, ನಂದು ಎಂದು ಎದುರಿನವನೂ ಚಾಚಿದ್ದ, ಅಧಿಕಾರಿ ಇಬ್ಬರ ಕೈಗೂ ಕೊಡದೆ ನಕ್ಕು ಗುಡ್ಡೆಯ ಮೇಲೆ ಹಾಕಿದ್ದ. ಮುದ್ದಪ್ಪ ಈಗ ಮಂಚದ ಅಂಚಿಗೆ ಬಂದು ಕೂತು, ಕೋನಪ್ಪನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಕಣ್ಣೀರು ಸುರಿಯುತ್ತಿತ್ತು, ಯಾರು ನೋಡಿದರೂ ಅವನಿಗೆ ಚಿಂತೆಯಿರಲಿಲ್ಲ.

"ಅದನ್ನ ನಾನು ನೋಡಿದ್ದೆ ಕಣೋ ಕೋನಪ್ಪ," ಎಂದ. "ಬಲು ನೀಟಾಗಿ ಒತ್ತಿದ್ದೆ."